ಒಂದು ಬೆರಳಿಗೆ ಬೇರೆ ಮನೆ

ಹಿಮದ ನಾಡಿನ ಸೈನಿಕರಿಗಾಗಿ ಮಾಡಿದ ಒಂದು ಬಗೆಯ ಕೈಗವಸು ಇದೆ. ಹೆಬ್ಬೆರಳಿಗೆ ಒಂದು ಗೂಡು, ತೋರುಬೆರಳಿಗೆ ಒಂದು ಗೂಡು, ಉಳಿದ ಮೂರಕ್ಕೂ ಸೇರಿ ಒಂದೇ ಚೀಲ. ಬರೀ ಚಳಿಯನ್ನು ತಡೆಯುವುದೇ ಉದ್ದೇಶವಾಗಿದ್ದರೆ ನಾಲ್ಕೂ ಬೆರಳುಗಳು ಒಟ್ಟಿಗಿರುವುದೇ ಒಳ್ಳೆಯದು, ಒಂದರ ಕಾವು ಇನ್ನೊಂದಕ್ಕೆ ಸಿಗುತ್ತದೆ. ಚಳಿದೇಶದ ಮಕ್ಕಳು ಹಾಕಿಕೊಳ್ಳುವ ಮಿಟನ್ ಇರುವುದು ಹಾಗೆಯೇ. ಆದರೆ ಸೈನಿಕನ ತೋರುಬೆರಳಿಗೆ ಒಂದು ಕೆಲಸವಿದೆ. ಆ ಕೆಲಸಕ್ಕಾಗಿ ಅದು ಒಟ್ಟು ಕುಟುಂಬದಿಂದ ಬೇರೆ ಮನೆ ಮಾಡಬೇಕು, ಉಳಿದವಕ್ಕಿಂತ ಸ್ವಲ್ಪ ಹೆಚ್ಚೇ ಚಳಿ ತಿನ್ನಬೇಕು.

ಎರಡೂ ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್, ಅಮೆರಿಕಗಳ ಹೆಂಗಸರು ಮನೆಯಲ್ಲಿ ಕೂತು ಸೈನಿಕರಿಗಾಗಿ ಕಾಲುಚೀಲ, ಮಫ್ಲರ್, ಟೋಪಿ ಹೆಣೆದು ಕಳಿಸುತ್ತಿದ್ದರು. ತೋರುಬೆರಳಿಗೆ ಪ್ರತ್ಯೇಕ ಗೂಡಿರುವ ಕೈಗವಸನ್ನು ಹೆಣೆಯುವ ಕ್ರಮವೂ ಅವರಿಗೆ ಸಿಗುತ್ತಿತ್ತು. ಮಗನದೋ ತಮ್ಮನದೋ ಗುರುತಿಲ್ಲದ ಯಾವ ಹುಡುಗನದೋ ಕೈ ಬೆಚ್ಚಗಿರಲಿ ಎಂದು ಹೊಲಿಗೆ ಎಣಿಸುತ್ತಾ ಕೂತ ಆ ಹೆಂಗಸು, ತೋರುಬೆರಳಿನ ಗೂಡನ್ನು ಬೇರೆಯಾಗಿ ಎತ್ತಿಕೊಳ್ಳುವಾಗ ಏನು ಮಾಡುತ್ತಿದ್ದಳು? ಅವಳು ಒಂದು ಬೆರಳನ್ನು ಉಳಿಸುತ್ತಿದ್ದಳೇ, ಒಂದು ಗುಂಡನ್ನು ಸಾಧ್ಯವಾಗಿಸುತ್ತಿದ್ದಳೇ? ನಾನು ಬಂದೂಕು ಹಿಡಿದವನಲ್ಲ. ನಮ್ಮ ಊರಿನ ಚಳಿ ಒಂದು ಕಂಬಳಿಗೆ ಮುಗಿಯುವಂಥದ್ದು. ಆದರೂ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಹಿಂಸೆಯ ಸಾಧನದೊಳಗೆ ಸೇರಿಕೊಂಡಿರುವ ಕರುಣೆಯನ್ನು ಏನೆಂದು ಕರೆಯಬೇಕು ಎಂಬುದು ಚಳಿಯಿಲ್ಲದ ಊರಿನವರಿಗೂ ಇರುವ ಪ್ರಶ್ನೆ.

ಕೈಗವಸು ಬದಲಾದರೆ ಸಾಲದು, ಬಂದೂಕೂ ಬದಲಾಗಬೇಕಾಗುತ್ತದೆ. ಟ್ರಿಗರ್‌ನ ಸುತ್ತ ಲೋಹದ ಒಂದು ಬಳೆಯಿರುತ್ತದೆ. ಅದಕ್ಕೆ ಟ್ರಿಗರ್ ಗಾರ್ಡ್ ಎನ್ನುತ್ತಾರೆ. ಕೊಂಬೆಯೋ ಬೆಲ್ಟೋ ತಗುಲಿ, ಅಥವಾ ಬಂದೂಕು ಕೆಳಗೆ ಬಿದ್ದು ಗುಂಡು ಹಾರದಿರಲಿ ಎಂದು ಅದು ಇರುವುದು. ಬರಿಗೈ ಬೆರಳಿನ ಅಳತೆಗೆ ಮಾಡಿದ ಆ ಬಳೆಯೊಳಗೆ ದಪ್ಪ ಉಣ್ಣೆಯ ಬೆರಳು ತೂರುವುದಿಲ್ಲ. ತೂರಿದರೂ ಟ್ರಿಗರ್‌ಗೆ ಒತ್ತಿಕೊಂಡೇ ಕೂರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ತಮ್ಮ ರೈಫಲ್ಲಿನ ಬಳೆಗೆ ತಗಡಿನ ಒಂದು ಡಬ್ಬಿ ಸೇರಿಸಿ, ಹೊರಗಿನಿಂದ ಒತ್ತುವ ಸನ್ನೆ ಇಟ್ಟರು. ಅಮೆರಿಕದವರು ತಮ್ಮ ಎಂ1 ಗ್ಯಾರಂಡ್ ರೈಫಲ್ಲಿಗೆ ಇಂಥದ್ದೇ ಚಳಿಗಾಲದ ಟ್ರಿಗರ್ ಮಾಡಿದರು. ಮುಂದೆ ಬಂದ ಎಂ16 ರೈಫಲ್ಲಿನಲ್ಲಿ ಈ ಬಳೆಯೇ ಸಣ್ಣ ಬಾಗಿಲಿನಂತೆ ಕೆಳಕ್ಕೆ ತೆರೆದುಕೊಳ್ಳುತ್ತದೆ. ಹಿಮಕ್ಕಾಗಿ ಬಾಗಿಲು ಇಟ್ಟುಕೊಂಡ ಆ ಬಂದೂಕು ಜಗತ್ತಿನಲ್ಲಿ ಹೆಸರಾದದ್ದು ಮಾತ್ರ ವಿಯೆಟ್ನಾಮಿನ ಬಿಸಿಲು ಮಳೆಯ ಕಾಡುಗಳಲ್ಲಿ. ಎಲ್ಲರಿಗಿಂತ ಮುಂದೆ ಹೋದವರು ಫಿನ್ಲೆಂಡಿನವರು. 1939ರ ನವೆಂಬರ್ 30ರಿಂದ 1940ರ ಮಾರ್ಚ್ 13ರವರೆಗೆ, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿದ ಚಳಿಯಲ್ಲೂ ಸೋವಿಯತ್ ಸೇನೆಯ ಎದುರು ನಿಂತ ದೇಶ ಅದು. ಅವರ 1960ರ ಮಾದರಿಯ ರೈಫಲ್ಲಿಗೆ ಟ್ರಿಗರ್ ಗಾರ್ಡ್ ಇರಲೇ ಇಲ್ಲ. ಮುಂದುಗಡೆ ಒಂದು ಕಡ್ಡಿ ಮಾತ್ರ, ಉಳಿದದ್ದೆಲ್ಲ ಬಯಲು. 1962ರ ಮಾದರಿಯಲ್ಲಿ ಗಾರ್ಡ್ ಮರಳಿ ಬಂತು.

ಈ ವಿಷಯದಲ್ಲಿ ಸುಲಭದ ಉತ್ತರಗಳು ಎರಡಿವೆ. ಮೊದಲನೆಯದು ಅಹಿಂಸೆಯ ಕಡೆಯಿಂದ ಬರುವುದು. ಕೊಲ್ಲುವ ಯಂತ್ರವನ್ನು ಕೈಗೆ ಹಿತವಾಗಿಸುವ ಯಾವ ಕೆಲಸವೂ ಕೊಲೆಯಲ್ಲಿ ಪಾಲು, ಆದ್ದರಿಂದ ಬಂದೂಕು ಎಷ್ಟು ಅನನುಕೂಲವಾಗಿದ್ದರೆ ಅಷ್ಟು ಒಳ್ಳೆಯದು ಎಂಬ ವಾದ. ಕೇಳಲು ಇದು ಶುದ್ಧವಾಗಿದೆ. ಆದರೆ ಈ ಶುದ್ಧತೆಯ ಬೆಲೆ ಕೊಡುವವರು ಯಾರು ಎಂದು ನೋಡಬೇಕು. ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ ಬರಿಗೈಯಲ್ಲಿ ಉಕ್ಕು ಮುಟ್ಟಿದರೆ ಅದು ಕ್ಷಣಗಳಲ್ಲಿ ಬೆರಳಿನ ಕಾವನ್ನು ಹೀರಿಕೊಳ್ಳುತ್ತದೆ. ಚರ್ಮದ ತೇವ ಹೆಪ್ಪುಗಟ್ಟಿ ಲೋಹಕ್ಕೆ ಅಂಟುತ್ತದೆ, ಕಿತ್ತರೆ ಚರ್ಮವೂ ಬರುತ್ತದೆ. ಮುಂದಿನದು ಫ್ರಾಸ್ಟ್‌ಬೈಟ್, ಅದರ ಮುಂದಿನದು ಬೆರಳು ಕತ್ತರಿಸುವುದು. 1950ರ ನವೆಂಬರ್–ಡಿಸೆಂಬರ್‌ನಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಬಳಿ ನಡೆದ ಕಾಳಗದಲ್ಲಿ ಅಮೆರಿಕನ್ನರ ಕಡೆಯೂ ಚೀನೀಯರ ಕಡೆಯೂ ಸಾವಿರಾರು ಜನ ಗುಂಡಿಗಲ್ಲ, ಚಳಿಗೆ ಬಿದ್ದರು. ಆ ಸೈನಿಕರಲ್ಲಿ ಬಹುಪಾಲು ಹುಡುಗರು ಆ ಬೆಟ್ಟಗಳನ್ನು ತಾವಾಗಿ ಆರಿಸಿಕೊಂಡವರಲ್ಲ. ಅವರನ್ನು ಅಲ್ಲಿಗೆ ಕಳಿಸಿದ ದೇಶಕ್ಕೆ ಅವರ ಬೆರಳುಗಳ ಋಣವಿದೆ. ಯುದ್ಧ ತಪ್ಪು ಎಂದು ವಾದಿಸಲು ಆ ಹುಡುಗನ ಬೆರಳನ್ನು ಸಾಕ್ಷಿಯಾಗಿ ಕೊಳೆಯಲು ಬಿಡುವುದು ಅಹಿಂಸೆಯಾಗುವುದಿಲ್ಲ.

ಎರಡನೆಯ ಸುಲಭದ ಉತ್ತರ ಎಂಜಿನಿಯರಿನದು. ಇದು ಬರೀ ಅಳತೆಯ ಸಮಸ್ಯೆ, ಬೆರಳು ದಪ್ಪವಾಯಿತು, ಜಾಗ ಹೆಚ್ಚು ಬೇಕು, ಅಷ್ಟೇ. ಬಂದೂಕು ಯಾರತ್ತ ತಿರುಗುತ್ತದೆ ಎಂಬುದು ಬೇರೆಯವರ ಚಿಂತೆ. ಈ ಮಾತನ್ನೂ ನನಗೆ ಒಪ್ಪಲಾಗುವುದಿಲ್ಲ. ತೆಗೆಯುತ್ತಿರುವುದು ಏನನ್ನು ಎಂದು ಒಮ್ಮೆ ನೋಡಿ. ಬಂದೂಕಿನ ಉಳಿದ ಪ್ರತಿಯೊಂದು ಭಾಗವೂ ಗುಂಡು ಹಾರಲಿ ಎಂದು ಇರುವಂಥದ್ದು. ಸುರಕ್ಷತಾ ಕೀಲಿಯನ್ನು ಬಿಟ್ಟರೆ ಈ ಬಳೆಯೊಂದೇ ಗುಂಡು ಹಾರದಿರಲಿ ಎಂದು ಇರುವುದು. ಗುಂಡು ಹೊಡೆಯುವ ನಿರ್ಧಾರವಾಗುವವರೆಗೆ ಬೆರಳು ಬಳೆಯ ಹೊರಗಿರಬೇಕು ಎಂಬುದು ಬಂದೂಕು ಹಿಡಿಯುವವರು ಮೊದಲು ಕಲಿಯುವ ಪಾಠಗಳಲ್ಲಿ ಒಂದು. ಹೊರಗಿನಿಂದ ಒಳಕ್ಕೆ ಬೆರಳು ಸಾಗುವ ಅಂಗುಲದಷ್ಟು ದಾರಿಯಲ್ಲಿ ಒಂದು ನಿರ್ಧಾರ ಇರುತ್ತದೆ, ಕನಿಷ್ಠ ಇರಲು ಜಾಗವಿರುತ್ತದೆ. ಬಳೆಯನ್ನು ತೆರೆದಾಗ ಆ ದಾರಿ ಕಿರಿದಾಗುತ್ತದೆ. ತನ್ನ ಬೆರಳಿಗೆ ಸಿಕ್ಕ ಹಿತಕ್ಕೆ ಪಕ್ಕದಲ್ಲಿ ಮಲಗಿದ ಜೊತೆಗಾರನೋ ಎದುರಿನಿಂದ ಕೈಯೆತ್ತಿ ಬರುತ್ತಿರುವವನೋ ಬೆಲೆ ತೆರುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಇದನ್ನು ಬರೀ ಅಳತೆ ಎನ್ನಲಾಗದು.

ಇಲ್ಲಿ ದೇಹದ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಬೆರಳಿನೊಳಗೆ ಅದನ್ನು ಮಡಚುವ ಸ್ನಾಯುಗಳಿಲ್ಲ. ಬೆರಳನ್ನು ಬಲವಾಗಿ ಮಡಚುವ ಸ್ನಾಯುಗಳಿರುವುದು ಮುಂಗೈಯಲ್ಲಿ, ಅಲ್ಲಿಂದ ಹುರಿಗಳು ಮಣಿಕಟ್ಟನ್ನು ದಾಟಿ ಬಂದು ಬೆರಳನ್ನು ಎಳೆಯುತ್ತವೆ, ಸೂತ್ರದ ಬೊಂಬೆಯ ಹಾಗೆ. ಮುಟ್ಟಿದ್ದನ್ನು ಅರಿಯುವ ನರಗಳ ತುದಿಗಳಿರುವುದು ಬೆರಳಿನ ಚರ್ಮದಲ್ಲಿ. ಚರ್ಮದ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತಾ ಹೋದಂತೆ ಸ್ಪರ್ಶದ ಅರಿವು ಮಂಕಾಗಿ ಕೊನೆಗೆ ನಿಂತೇ ಹೋಗುತ್ತದೆ. ಆದರೆ ಕೋಟಿನ ತೋಳಿನೊಳಗೆ ಮುಂಗೈ ಬೆಚ್ಚಗಿರುವ ತನಕ ಬೆರಳು ಮಡಚಿಕೊಳ್ಳಬಲ್ಲದು. ಅಂದರೆ, ಏನನ್ನೂ ಅರಿಯದ ಬೆರಳು ಎಳೆಯುವುದನ್ನು ಮಾತ್ರ ಮಾಡಬಲ್ಲದು. ಮಾಡುವುದು ಒಂದು ಕಡೆ, ಅರಿಯುವುದು ಇನ್ನೊಂದು ಕಡೆ. ಚಳಿ ಇವೆರಡರ ನಡುವೆ ಗೆರೆ ಎಳೆದು ತೋರಿಸುತ್ತದೆ.

ಬಿಲ್ಲುಗಾರರ ಬೆರಳಿಗೆ ತೊಡಿಸುತ್ತಿದ್ದ ರಕ್ಷೆಗೆ ನಮ್ಮ ಹಳೆಯವರು ಅಂಗುಲಿತ್ರಾಣ ಎಂಬ ಹೆಸರಿಟ್ಟಿದ್ದರು. ಆಯುಧ ಹಿಡಿದವನ ಬೆರಳನ್ನು ಕಾಯಬೇಕು ಎಂಬ ಯೋಚನೆ ಅಷ್ಟು ಹಳತು. ಅದೇ ಪರಂಪರೆಯಲ್ಲಿ ಕುರುಕ್ಷೇತ್ರದ ನಡುವೆ ಅರ್ಜುನನೂ ನಿಂತಿದ್ದಾನೆ. ಅವನ ಸಂಕಟ ಮೊದಲು ವಾದವಾಗಿ ಬರುವುದಿಲ್ಲ, ಮೈಯಲ್ಲಿ ಬರುತ್ತದೆ. ಬಾಯಿ ಒಣಗುತ್ತದೆ, ಚರ್ಮ ಉರಿಯುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ. ಗೀತೆಯ ಮುಂದಿನ ಅಧ್ಯಾಯಗಳೆಲ್ಲ ಜಾರಿದ ಆ ಬಿಲ್ಲನ್ನು ಮತ್ತೆ ಕೈಗೆ ತರುವ ಮಾತುಕತೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಅಷ್ಟು ದೊಡ್ಡ ಮಾತುಕತೆ ಹುಟ್ಟಿದ್ದು ಬಿಲ್ಲು ಜಾರಿತು ಎಂಬ ಕಾರಣಕ್ಕೆ. ಮರಗಟ್ಟಿದ ಕೈಗೆ ಬಿಲ್ಲು ಜಾರುತ್ತಿರುವುದೇ ತಿಳಿಯದಿದ್ದರೆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ, ಉತ್ತರವೂ.

ಇಲ್ಲಿಗೆ ನಿಲ್ಲಿಸಿ, ಸ್ಪರ್ಶವೇ ಆತ್ಮಸಾಕ್ಷಿ, ಕೈಗವಸು ಅದನ್ನು ಮುಚ್ಚುತ್ತದೆ ಎಂದು ಬರೆದುಬಿಡಬಹುದಿತ್ತು. ಓದಲು ಚೆನ್ನಾಗಿಯೂ ಇರುತ್ತಿತ್ತು. ಆದರೆ ಇತಿಹಾಸ ಅದಕ್ಕೆ ಒಪ್ಪುವುದಿಲ್ಲ. 1919ರ ಏಪ್ರಿಲ್ 13ರಂದು ಅಮೃತಸರದಲ್ಲಿ ಚಳಿ ಇರಲಿಲ್ಲ. ಜಲಿಯನ್‌ವಾಲಾ ಬಾಗ್‌ನಲ್ಲಿ 50 ಸೈನಿಕರು ಸುಮಾರು 10 ನಿಮಿಷಗಳಲ್ಲಿ 1650 ಸುತ್ತು ಗುಂಡು ಹಾರಿಸಿದರು. ಅವರ ಬೆರಳುಗಳು ಮರಗಟ್ಟಿರಲಿಲ್ಲ, ಟ್ರಿಗರ್‌ನ ಒಂದೊಂದು ಎಳೆತವೂ ಚರ್ಮಕ್ಕೆ ತಿಳಿದಿರಬೇಕು. ಬಳೆಗಳೂ ಸರಿಯಾಗಿಯೇ ಇದ್ದವು. ಆಜ್ಞೆ ಎಂಬ ಕೈಗವಸು ಉಣ್ಣೆಗಿಂತ ದಪ್ಪ. ಆತ್ಮಸಾಕ್ಷಿ ಬೆರಳ ತುದಿಯಲ್ಲಿ ಇರುತ್ತದೆ ಎಂಬುದು ನಂಬಲು ಹಿತವಾದ ಮಾತು. ಅಲ್ಲಿ ಅರಿವು ಮಾತ್ರ ಇರುತ್ತದೆ. ಅರಿವಿದ್ದವನು ನಿಲ್ಲಿಸುತ್ತಾನೆ ಎಂಬ ಭರವಸೆ ಇಲ್ಲ, ನಿಲ್ಲಿಸುವವನಿಗೆ ಮಾತ್ರ ಅದು ಬೇಕೇಬೇಕು.

ಹಾಗಾದರೆ ಚಳಿಗಾಲದ ಬಂದೂಕಿನ ಬಗ್ಗೆ ಏನು ಹೇಳಬಹುದು? ನನಗೆ ತೋಚುವ ಅಳತೆಗೋಲು ಇದು: ಒಂದು ಮಾರ್ಪಾಟು ಕೈಯನ್ನು ಕಾಯುತ್ತದೆಯೋ, ಕೈಯ ತಡೆಯನ್ನು ತೆಗೆದುಹಾಕುತ್ತದೆಯೋ ಎಂದು ಕೇಳಬೇಕು. ಎರಡನ್ನೂ ಮಾಡುವುದಾದರೆ, ಚಳಿ ಹೋದ ಮೇಲೆ ತಡೆ ಮರಳಿ ಬರುತ್ತದೆಯೇ ಎಂದು ಕೇಳಬೇಕು. ತೆರೆದು ಮತ್ತೆ ಮುಚ್ಚಬಹುದಾದ ಬಾಗಿಲು ಒಂದು ಬಗೆ, ಬಾಗಿಲನ್ನೇ ಕಿತ್ತುಹಾಕುವುದು ಇನ್ನೊಂದು ಬಗೆ. ಫಿನ್ಲೆಂಡಿನ ಎರಡು ಮಾದರಿಗಳ ನಡುವೆ ಎರಡೇ ವರ್ಷದ ಅಂತರ. ನೀತಿಯ ದೃಷ್ಟಿಯಿಂದ ನೋಡಿದರೆ ನನಗೆ ಆ ಅಂತರ ದೊಡ್ಡದಾಗಿ ಕಾಣುತ್ತದೆ.

ಯುದ್ಧದ ಕಾನೂನು ಬಹಳ ಕಾಲ ನೋಡಿದ್ದು ಗುಂಡು ತಗಲುವ ತುದಿಯನ್ನು. 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ 400 ಗ್ರಾಮಿಗಿಂತ ಹಗುರವಾದ ಸಿಡಿಗುಂಡುಗಳನ್ನು ನಿಷೇಧಿಸಿತು. 1899ರ ಹೇಗ್ ಸಮ್ಮೇಳನ ಮೈಯೊಳಗೆ ಹೋಗಿ ಅರಳುವ ಗುಂಡುಗಳನ್ನು ನಿಷೇಧಿಸಿತು. ಕಲ್ಕತ್ತೆಯ ಪಕ್ಕದ ದಂಡಂ ಕಾರ್ಖಾನೆಯಿಂದ ಹೆಸರು ಪಡೆದ ಗುಂಡುಗಳು ಅವು. ಟ್ರಿಗರ್‌ನ ತುದಿಯತ್ತ ಕಾನೂನು ಗಟ್ಟಿಯಾಗಿ ತಿರುಗಿದ್ದು 1997ರ ಒಟ್ಟಾವಾ ಒಪ್ಪಂದದಲ್ಲಿ. ಮನುಷ್ಯರನ್ನು ಕೊಲ್ಲುವ ನೆಲಬಾಂಬುಗಳನ್ನು ಅದು ನಿಷೇಧಿಸಿತು. ನೆಲಬಾಂಬಿಗೆ ಕೈಗವಸು ಬೇಡ, ಏಕೆಂದರೆ ಕೈಯೇ ಬೇಡ. ಅದರ ಟ್ರಿಗರನ್ನು ಒತ್ತುವವನು ಅದಕ್ಕೆ ಬಲಿಯಾಗುವವನೇ, ದನ ಮೇಯಿಸಲು ಹೋದ ಹುಡುಗನಾದರೂ ಸರಿ. ನಿಲ್ಲಿಸಬಲ್ಲವನು ಅಲ್ಲಿ ಯಾರೂ ಇರುವುದಿಲ್ಲ. ಈ ಒಪ್ಪಂದಕ್ಕೆ ಭಾರತ ಸೇರಿಲ್ಲ. 2012ರಲ್ಲಿ ಸೇರಿದ್ದ ಫಿನ್ಲೆಂಡ್ 2025ರಲ್ಲಿ ಹೊರಬರಲು ತೀರ್ಮಾನಿಸಿತು. ಭಯ ಹೆಚ್ಚಾದಾಗ ದೇಶಗಳು ಮೊದಲು ಕಳಚುವುದು ತಡೆಯನ್ನೇ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ನೆರೆಯ ದೊಡ್ಡ ದೇಶದ ಭಯ ಅವರಿಗೆ ಸುಳ್ಳಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ನೀತಿಯ ಪ್ರಶ್ನೆ ಕಷ್ಟವಾಗುವುದು ಭಯ ನಿಜವಾಗಿರುವಾಗಲೇ.

ಈಗ ಹೆಣೆಯುತ್ತಿದ್ದ ಹೆಂಗಸಿನ ಪ್ರಶ್ನೆ. ಅವಳು ಬೆರಳನ್ನೂ ಉಳಿಸುತ್ತಿದ್ದಳು, ಗುಂಡನ್ನೂ ಸಾಧ್ಯವಾಗಿಸುತ್ತಿದ್ದಳು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅವಳನ್ನು ದೂರದಲ್ಲಿ ಕೂರಿಸಿ ತೀರ್ಪು ಕೊಡಲು ನನಗೆ ಹಕ್ಕಿಲ್ಲ, ಏಕೆಂದರೆ ತೆರಿಗೆ ಕಟ್ಟುವ ನಾವೆಲ್ಲರೂ ಹೆಣೆಯುತ್ತಲೇ ಇದ್ದೇವೆ. 1984ರ ಏಪ್ರಿಲ್‌ನಿಂದ ಸಿಯಾಚಿನ್ನಿನಲ್ಲಿ ನಮ್ಮ ಸೈನಿಕರಿದ್ದಾರೆ. ಅವರ ಕೈಗವಸು, ಬೂಟು, ಸೀಮೆಎಣ್ಣೆಗೆ ನಮ್ಮ ದುಡ್ಡು ಹೋಗುತ್ತದೆ, ಹೋಗಲೇಬೇಕು. ಆ ಕೈಗವಸು ಕಳಪೆಯಾಗಿದ್ದರೆ ಅದು ನಮ್ಮ ಪಾಪ.

ಆದರೆ ಕೈಗವಸು ಕೊಟ್ಟಲ್ಲಿಗೆ ಋಣ ತೀರಿತು ಎಂದುಕೊಳ್ಳುವುದು ಆ ಹೆಂಗಸಿಗೆ ಸಿಗದಿದ್ದ ನೆಮ್ಮದಿ. ಅವಳಿಗೆ ಕೈಯ ಅಳತೆಯಾದರೂ ಗೊತ್ತಿತ್ತು. ಸಿಯಾಚಿನ್ನಿನಲ್ಲಿ ಗುಂಡಿಗಿಂತ ಹಿಮಕ್ಕೇ ಹೆಚ್ಚು ಜನ ಸತ್ತಿದ್ದಾರೆ, ನಮ್ಮವರೂ ಪಾಕಿಸ್ತಾನದವರೂ. 2003ರ ನವೆಂಬರ್‌ನಲ್ಲಿ ಅಲ್ಲಿ ಕದನವಿರಾಮ ಬಂತು, ಆದರೆ ಸಾವಿಗೆ ವಿರಾಮ ಬರಲಿಲ್ಲ. 2016ರ ಫೆಬ್ರುವರಿ 3ರಂದು ಸುಮಾರು 19,500 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಐದಾರು ದಿನ ಹಿಮದಡಿ ಇದ್ದೂ ಜೀವಂತವಾಗಿ ಸಿಕ್ಕರು. ಇಡೀ ಕರ್ನಾಟಕ ಉಸಿರು ಹಿಡಿದು ಕಾಯಿತು. ಫೆಬ್ರುವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಕೊಂದ ಹಿಮಕ್ಕೆ ಶತ್ರುವೂ ಇರಲಿಲ್ಲ, ಟ್ರಿಗರ್ರೂ ಇರಲಿಲ್ಲ.

ಬೆರಳಿಗೆ ಬೇರೆ ಗೂಡು ಹೆಣೆಯುವ ಹಕ್ಕು ನಮಗಿದೆ ಎಂದಾದರೆ, ಆ ಬೆರಳು ಅಲ್ಲಿ ಇನ್ನೂ ಎಷ್ಟು ಚಳಿಗಾಲ ಇರಬೇಕು ಎಂದು ಎರಡೂ ದೇಶಗಳವರು ತಮ್ಮ ತಮ್ಮ ಸರ್ಕಾರಗಳನ್ನು ಕೇಳುವ ಹೊಣೆಯೂ ಅದರ ಜೊತೆಗೇ ಬರುತ್ತದೆ. ನಾವು ಬೆಚ್ಚಗಿರುವವರು, ಕೇಳಲು ನಮಗೆ ಪುರುಸೊತ್ತಿದೆ.