ಸಕ್ಕರೆ ಪಾಕ ಮತ್ತು ಸಾಲದ ಲೆಕ್ಕ

ಆಷಾಢದ ಮಳೆ ಹಿಡಿಯಿತೆಂದರೆ ಪುತ್ತೂರು, ಸುಳ್ಯ, ಮಡಿಕೇರಿ ಕಡೆಯ ತುಡುವೆ ಜೇನಿಗೆ ಹಸಿವಿನ ಕಾಲ. ಹೂವು ಕಡಿಮೆ, ಹಾರಲು ಬಿಡುವೂ ಇಲ್ಲ. ಆಗ ಜೇನು ಸಾಕುವವರು ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡುತ್ತಾರೆ. ಬೇಸಿಗೆಯಲ್ಲಿ ರಬ್ಬರಿನ ಚಿಗುರು, ಕಾಫಿ ಹೂವು, ಕಾಡುಮರಗಳಿಂದ ಕೂಡಿಟ್ಟ ತುಪ್ಪವನ್ನು ತೆಗೆದವರೂ ಇವರೇ. ತೆಗೆದದ್ದಕ್ಕೆ ಕೊಟ್ಟೆವು, ಲೆಕ್ಕ ಚುಕ್ತಾ ಎನ್ನಬಹುದೇ?

ಕೊಟ್ಟದ್ದಾದರೂ ಯಾರಿಗೆ? ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣದ ಆಯುಸ್ಸು ಸುಮಾರು ಆರು ವಾರ. ಮಾರ್ಚಿನಲ್ಲಿ ಮಕರಂದ ಹೊತ್ತು ತಂದದ್ದು ಜುಲೈಗೆ ಬದುಕಿರುವುದಿಲ್ಲ. ರಾಣಿ ಇರುತ್ತಾಳೆ, ಆದರೆ ಅವಳು ಒಂದು ಹನಿಯನ್ನೂ ತಂದವಳಲ್ಲ. ಸಾಲ ಕೊಟ್ಟವರೆಲ್ಲ ಸತ್ತಿದ್ದಾರೆ, ಮನೆ ಮಾತ್ರ ಇದೆ. ಹಾಗಿದ್ದರೆ ನಮ್ಮ ಋಣ ನೊಣಕ್ಕಲ್ಲ, ಕುಟುಂಬಕ್ಕೆ. ಆ ಕುಟುಂಬ ಮುಂದಿನ ಹೂವಿನ ಕಾಲ ಕಾಣುವಂತೆ ನೋಡಿಕೊಳ್ಳುವುದಕ್ಕೆ. ಒಂದು ಲೋಟ ಪಾಕದಿಂದ ಅದು ತೀರುವುದಿಲ್ಲ.

ಸಾಕುವವರ ಪರವಾಗಿ ಒಂದು ವಾದವಿದೆ. ಹಸುವಿಗೆ ಹಗ್ಗವಿದೆ, ಜೇನಿಗೆ ಬಾಗಿಲು ತೆರೆದೇ ಇದೆ. ತುಡುವೆಯಂತೂ ಬೇಗ ಮುನಿಯುವ ಜಾತಿ. ಇರುವೆ ಕಾಡಿದರೆ, ಮೇಣದ ಹುಳು ಎರಿ ತಿಂದರೆ, ಊಟ ಸಾಲದಾದರೆ ಇಡೀ ಸಂಸಾರ ಗೂಡು ಬಿಟ್ಟು ಹೊರಟುಬಿಡುತ್ತದೆ. ಹೋಗದೆ ಉಳಿದದ್ದೇ ಅದರ ಒಪ್ಪಿಗೆ ಎನ್ನುತ್ತಾರೆ. ವಾದ ಚಂದ ಇದೆ, ನನಗೆ ಸರಿ ಅನ್ನಿಸುವುದಿಲ್ಲ. ಕಣಜ ಬರಿದು ಮಾಡಿ, ಹೊರಗೆ ಜಡಿಮಳೆ ಸುರಿಯುವಾಗ ‘ಬೇಡವಾಗಿದ್ದರೆ ಹೋಗಬಹುದಿತ್ತಲ್ಲ’ ಎನ್ನುವ ಧಣಿಯ ಮಾತು ನಮಗೆ ಹೊಸದೇನಲ್ಲ. ಅನುಭವಸ್ಥರು ಮೇಲಿನ ಜೇನುಕೋಣೆಯಿಂದಷ್ಟೇ ತುಪ್ಪ ತೆಗೆದು, ಕೆಳಗಿನ ಸಂಸಾರ ಕೋಣೆಯದನ್ನು ಮುಟ್ಟುವುದಿಲ್ಲ. ಒಪ್ಪಿಗೆಯ ತರ್ಕಕ್ಕಿಂತ ಆ ಕೈತಡೆಯ ಮೇಲೆ ನನಗೆ ನಂಬಿಕೆ ಹೆಚ್ಚು.

ಒಡೆತನದ ಮಾತೂ ಇಷ್ಟೇ ತೆಳು. 6ನೆಯ ಶತಮಾನದ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಗ್ರಂಥದ ಪ್ರಕಾರ, ಪಾಲಾಗಿ ಹಾರಿದ ಜೇನು ಕಣ್ಣಿಗೆ ಕಾಣುತ್ತಿರುವವರೆಗೆ, ಬೆನ್ನಟ್ಟುವುದು ಕಷ್ಟವಾಗದವರೆಗೆ ಮಾತ್ರ ಒಡೆಯನದು. ಆಮೇಲೆ ಮೊದಲು ಹಿಡಿದವನದು. ನಮ್ಮ ತೋಟಗಳಲ್ಲೂ ಅಷ್ಟೇ. ನನ್ನ ಪೆಟ್ಟಿಗೆಯ ನೊಣ ಮೇಯುವುದು ಪಕ್ಕದವರ ಅಡಿಕೆ, ತೆಂಗಿನ ಹೂವನ್ನು.

ಆದರೆ ಒಡೆತನ ತೆಳುವಾದಷ್ಟೂ ಹೊಣೆ ದಪ್ಪವಾಗುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಬಡಿಯಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಕಣದಲ್ಲೇ ಸತ್ತವು, ಸಾಲುಸಾಲು ಪೆಟ್ಟಿಗೆಗಳು ಖಾಲಿಯಾದವು. ಔಷಧವಿಲ್ಲದ ಇಂಥ ರೋಗದಲ್ಲಿ ಒಬ್ಬ ಬಾಯಿ ಬಿಡದಿದ್ದರೆ ಊರಿಗೇ ಕೇಡು. ಬಾಯಿ ಬಿಟ್ಟರೆ ಅವನ ಕುಟುಂಬಗಳನ್ನು ಕೊಳ್ಳುವವರಿಲ್ಲ, ತುಪ್ಪ ತೆಗೆಯುವ ಯಂತ್ರವನ್ನು ಎರವಲು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ. ನಿಜ ಹೇಳಿದವನಿಗೇ ನಷ್ಟ. ಜೇನು ಕೃಷಿಕರು ಸೇರಿದಾಗ ಇಳುವರಿಯ ಮಾತು ಧಾರಾಳವಾಗಿ ಬರುತ್ತದೆ, ಸತ್ತ ಮರಿಗಳ ಮಾತು ತಡವಾಗಿ. ಅದನ್ನು ಮೊದಲು ಆಡಿದವನಿಗೆ ರೋಗವಿಲ್ಲದ ಎರಡು ಎರಿ ಕೊಡಲು ಉಳಿದವರು ಸಿದ್ಧರಿದ್ದರೆ, ಅವನು ಮುಂದಿನ ಸಲವೂ ಆಡುತ್ತಾನೆ.

ಪಾಕ ಇಡುವುದನ್ನೂ ಅವರು ಕತ್ತಲಾಗುವ ಹೊತ್ತಿಗೇ ಇಟ್ಟುಕೊಂಡಿರುತ್ತಾರೆ. ಹಗಲಲ್ಲಿಟ್ಟರೆ ವಾಸನೆಗೆ ಬೇರೆ ಪೆಟ್ಟಿಗೆಯ ಬಲವಾದ ನೊಣಗಳು ನುಗ್ಗಿ, ಬಡ ಕುಟುಂಬವನ್ನು ದೋಚಿಬಿಡುತ್ತವೆ.