ಒಂಥರಾ ಆಗ್ತಿದೆ

ಅತ್ತೆಗೆ ನಡುರಾತ್ರಿ ಎದೆನೋವು ಬಂದಾಗ ಡಾಕ್ಟರಿಗೆ ಫೋನು ಮಾಡಿದವಳು ನಾನೇ. "ಏನಾಗ್ತಿದೆಯಮ್ಮಾ?" ಎಂದರು. "ಒಂಥರಾ ಆಗ್ತಿದೆಯಂತೆ" ಎಂದೆ. ಮೂರು ಸಲ ಕೇಳಿದರು, ಮೂರು ಸಲವೂ ನನ್ನದು ಅದೇ ಉತ್ತರ.

ಆಸ್ಟ್ರೇಲಿಯದ ಹಾರುವ ಡಾಕ್ಟರುಗಳ ಬಗ್ಗೆ ಓದುವಾಗ ಆ ರಾತ್ರಿ ನೆನಪಾಯಿತು. ಜಾನ್ ಫ್ಲಿನ್ ಎಂಬ ಪಾದ್ರಿಯ ಹಟದಿಂದ 1928ರ ಮೇ ತಿಂಗಳಲ್ಲಿ ಕ್ಲಾಂಕರಿ ಊರಿನಿಂದ ಮೊದಲ ವಿಮಾನ ಹೊರಟಿತು. ಆದರೆ ದನ ಸಾಕುವ ಒಂಟಿ ಮನೆಗಳವರು ಅದನ್ನು ಕರೆಯುವುದು ಹೇಗೆ? ಮರುವರ್ಷ ಟ್ರೇಗರ್ ಎಂಬಾತ ಪೆಡಲು ತುಳಿದು ನಡೆಸುವ ರೇಡಿಯೊ ಮಾಡಿಕೊಟ್ಟ. ಎಷ್ಟೋ ಮನೆಗಳಲ್ಲಿ ತುಳಿಯುತ್ತ ಕೂತವರು ಹೆಂಗಸರೇ. 1942ರಲ್ಲಿ ಔಷಧಿ ಪೆಟ್ಟಿಗೆ ಬಂತು, ಒಂದೊಂದು ಔಷಧಿಗೂ ಒಂದೊಂದು ನಂಬರು. ಮುಂದೆ ಮೈಯ ಚಿತ್ರಕ್ಕೂ ನಂಬರು ಹಾಕಿಕೊಟ್ಟರು. ನೋವು ಎಲ್ಲಿದೆಯೆನ್ನಲು ನಾಚಿಕೆಯೇ? ನಂಬರು ಹೇಳಿದರಾಯಿತು!

ವಿಮಾನದ ವೇಗ ಹೆಚ್ಚಿಸುವುದು ಇಂಜಿನಿಯರರ ಕೆಲಸ. ಯಾರ ಮನೆಗೆ ಮೊದಲು ಹಾರಬೇಕೆಂಬುದು ಮಾತ್ರ ಕಣ್ಣಿಗೆ ಕಾಣದವಳ ಮಾತನ್ನು ನಂಬಿ ತೀರ್ಮಾನವಾಗಬೇಕು. ಹೆಚ್ಚು ಮಾಡಿ ಹೇಳಿದರೆ ಇನ್ನೊಬ್ಬಳ ವಿಮಾನ ಕಸಿದಂತೆ. ಕಡಿಮೆ ಮಾಡಿ ಹೇಳಿದರೆ? "ನನಗೇನಾಗಿದೆ, ಬಿಡಿ" ಎಂದು ನುಂಗಿಕೊಳ್ಳುವುದನ್ನೇ ಸಹನೆಯೆಂದು ನಮಗೆ ಕಲಿಸಿದ್ದಾರೆ. ಅಲ್ಲಿ ಅದು ಸಹನೆಯಲ್ಲ, ಸುಳ್ಳು ವರದಿ.

ಅತ್ತೆ ಉಳಿದರು. ಮೊನ್ನೆ ಹೊಟ್ಟೆನೋವೆಂದು ನಾನೇ ಡಾಕ್ಟರ ಮುಂದೆ ಕೂತೆ. "ಹೇಗಿದೆ?" ಎಂದರು.

"ಸ್ವಲ್ಪ..." ಎಂದೆ.

"ಸ್ವಲ್ಪ ಅಲ್ಲ ಡಾಕ್ಟ್ರೇ," ಎಂದರು ಪಕ್ಕದಲ್ಲಿದ್ದ ಅತ್ತೆ, "ಬಲಗಡೆ, ಕೆಳಗೆ. ರಾತ್ರಿಯಿಡೀ ಮಲಗಿಲ್ಲ."