ಹದ್ದಿನ ಹೆಸರು, ನಮ್ಮ ಗುಣ



ಕಳೆದ ಯುವಕೂಟದಲ್ಲಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳು 'ವಲ್ಚರಸ್' ಎಂಬ ಇಂಗ್ಲಿಷ್ ಪದದ ಅರ್ಥ ಕೇಳಿದಳು. ರಣಹದ್ದಿನಂಥ, ಅಂದರೆ ಪರರ ಕಷ್ಟಕ್ಕೆ ಕಾದು ಕೂತು ದೋಚುವ ದುರಾಸೆಯ ಜನ, ಎಂದೆ. ತಮಿಳಿನವರು 'ಪಿಣಂತಿನ್ನಿ ಕಳುಗು' ಎಂದರು, ಮಲಯಾಳಿಗಳು 'ಕಳುಗನ್' ಎಂದರು. ಎಲ್ಲರೂ ತಮಗೆ ಗೊತ್ತಿರುವ ಯಾರನ್ನೋ ನೆನೆದು ನಕ್ಕರು. ನನಗೆ ನೆನಪಾದವರು, ತಾತನ ಏಳನೇ ದಿನದ ಪೂಜೆ ಮುಗಿದ ಸಂಜೆಯೇ ಜಮೀನಿನ ಪತ್ರ ಎಲ್ಲಿದೆ ಎಂದು ಕೇಳಿದ ನಮ್ಮ ಬಂಧುವೊಬ್ಬರು.

ಆದರೆ ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ನನಗೆ ಆ ಪದ ಸರಿಕಾಣಲಿಲ್ಲ. ನಮ್ಮ ಮಸಿನಗುಡಿ ಪಕ್ಕದ ಮೋಯಾರ್ ಕಣಿವೆಯಲ್ಲಿ ಬಿಳಿಬೆನ್ನಿನ ರಣಹದ್ದುಗಳು ಹೊಳೆಮತ್ತಿ ಮರಗಳ ಮೇಲೆ ಇಂದಿಗೂ ಗೂಡು ಕಟ್ಟುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆ. ಸತ್ತದ್ದನ್ನೇ ತಿನ್ನುತ್ತವೆ. ಹಾರಲಾಗದಷ್ಟು ತಿನ್ನುವುದೂ ಉಂಟು, ಹೊಟ್ಟೆಬಾಕ ಅಲ್ಲವೆಂದು ವಾದಿಸಲಾರೆ! ಆದರೆ ನಾಳೆಗೆಂದು ಕೂಡಿಡುವುದಿಲ್ಲ. ಕೊಳೆತ ಮಾಂಸದ ರೋಗಾಣುಗಳನ್ನು ಅವುಗಳ ಜಠರದ ಆಮ್ಲ ಸುಡುತ್ತದೆ. 1990ರ ದಶಕದಲ್ಲಿ ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧ ಹೆಣದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿತು. ಭಾರತದಲ್ಲಿ ಈ ಜಾತಿ ನೂರಕ್ಕೆ 95ಕ್ಕೂ ಹೆಚ್ಚು ಅಳಿಯಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಆಮೇಲೂ ಮನುಷ್ಯರ ಔಷಧದ ದೊಡ್ಡ ಸೀಸೆಯನ್ನೇ ದನಕ್ಕೆ ಚುಚ್ಚುತ್ತಿದ್ದರು. ಅದಕ್ಕಾಗಿ 2015ರಲ್ಲಿ ಆ ಸೀಸೆಯನ್ನೂ ನಿಲ್ಲಿಸಬೇಕಾಯಿತು.

ಹಳೆಯವರು ಈ ಹಕ್ಕಿಯನ್ನು ಬೈಯಲು ಮಾತ್ರ ನೆನೆಯುತ್ತಿರಲಿಲ್ಲ. ಸೀತೆಗಾಗಿ ಪ್ರಾಣ ಕೊಟ್ಟ ಜಟಾಯು ಎಲ್ಲರಿಗೂ ಗೊತ್ತು. ವಿಮೋಚನಕಾಂಡ 19:4ರಲ್ಲಿ ದೇವರು ತಮ್ಮ ಜನರನ್ನು ಹೊತ್ತು ತಂದದ್ದು ಒಂದು ಹಕ್ಕಿಯ ರೆಕ್ಕೆಯ ಮೇಲೆ ಎಂಬಂತೆ. ಅಲ್ಲಿರುವ ಹೀಬ್ರೂ ಪದ 'ನೆಷೆರ್'. ಮೀಕ ಪ್ರವಾದಿ ಅದೇ ಹಕ್ಕಿಯ ಬೋಳುತಲೆಯ ಮಾತೆತ್ತುತ್ತಾನೆ (1:16). ಗರುಡನ ತಲೆ ಬೋಳಲ್ಲ. ಆದ್ದರಿಂದ ಅದು ರಣಹದ್ದೇ ಇರಬೇಕೆಂದು ಅನೇಕ ಪಂಡಿತರು ಹೇಳುತ್ತಾರೆ.

ಹಾಗಾದರೆ ನಾವೇಕೆ ನಮ್ಮ ಪಾಪಕ್ಕೆ ಹಕ್ಕಿಯ ಹೆಸರಿಡುತ್ತೇವೆ? ಹೆಸರಿಟ್ಟ ಕೂಡಲೇ ಅದು ಬೇರೆ ಜಾತಿಯ ಗುಣವಾಗುತ್ತದೆ, ನಮ್ಮದಾಗಿ ಉಳಿಯುವುದಿಲ್ಲ. ಹದ್ದು ಹಸಿವಿನಿಂದ ಬರುತ್ತದೆ, ಬೇರೆ ದಾರಿ ಅದಕ್ಕಿಲ್ಲ. ಪತ್ರ ಕೇಳಿದವರಿಗೆ ನಾಲ್ಕು ದಿನ ಸುಮ್ಮನಿರುವ ಸ್ವಾತಂತ್ರ್ಯ ಇತ್ತು. ನನಗೂ ಇತ್ತು. ಏಕೆಂದರೆ ಅದೇ ವಾರ ನಾನು ತಾತನ ಬೈಕಿನ ಕೀ ಕೇಳಿದ್ದೆ. ಕಾಲೇಜಿಗೆ, ಕೆಲಸಕ್ಕೆ, ಚರ್ಚಿನ ಓಡಾಟಕ್ಕೆ ಬೇಕು ಎಂದಿದ್ದೆ. ಅದು ದುರಾಸೆ ಎಂದು ನನಗೆ ಅನಿಸಿರಲೇ ಇಲ್ಲ.

ಕೂಟ ಮುಗಿಸಿ ಮನೆಗೆ ಬಂದು ಅಜ್ಜಿಯನ್ನು ಕೇಳಿದೆ: ಅಂದು ಬೇಜಾರಾಯಿತಾ?

"ಬೇಜಾರೇನಿಲ್ಲ ಮಗಾ. ಅದನ್ನ ಮಾರಿ ಆಸ್ಪತ್ರೆ ಬಾಕಿ ತೀರಿಸೋಣ ಅಂತಿದ್ದೆ. ಅಷ್ಟರಲ್ಲಿ ನೀನು ಕೇಳಿದೆಯಲ್ಲ" ಎಂದರು.

ಕೀ ಈಗ ಅವರ ಜಪಸರದ ಡಬ್ಬಿಯಲ್ಲಿದೆ. ಬೈಕ್ ನೋಡಲು ಶನಿವಾರ ಒಬ್ಬರು ಬರುತ್ತಾರೆ.